ಮುಂಬೈ ಫ್ಲ್ಯಾಟಿನಲ್ಲಿ ಕ್ಲೌನ್ ಮೀನು, ಅನಿಮೋನ್ ಸಾಕುವ ಕ್ರಮ

ಕ್ಲೌನ್ ಮೀನಿಗೆ ಅನಿಮೋನ್ (ಕುಟುಕುವ ಎಳೆಗಳಿರುವ, ಹೂವಿನಂತೆ ಕಾಣುವ ಕಡಲ ಪ್ರಾಣಿ) ಬೇಕೇಬೇಕೆಂದಿಲ್ಲ. ಸಮುದ್ರದಲ್ಲಿ ಅದು ಶತ್ರುಗಳಿಂದ ತಪ್ಪಿಸಿಕೊಳ್ಳುವ ಆಸರೆ. ತೊಟ್ಟಿಯಲ್ಲಿ ಶತ್ರುವೇ ಇಲ್ಲ. ಆದರೂ ಎರಡನ್ನೂ ಒಟ್ಟಿಗೆ ನೋಡುವ ಆಸೆಯಿದ್ದರೆ ಕನಿಷ್ಠ 200 ಲೀಟರಿನ ತೊಟ್ಟಿ ಇಡಿ.

ಜುಹೂ ಕಡಲ ನೀರು ತರಬೇಡಿ. ಅದರಲ್ಲಿ ಚರಂಡಿ ನೀರೂ ಸೇರಿರುತ್ತದೆ, ಮಳೆಗಾಲದಲ್ಲಿ ಉಪ್ಪಿನಂಶ ಇಳಿಯುತ್ತದೆ. ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಸಮುದ್ರ ಮೀನಿನ ತೊಟ್ಟಿಗೆಂದೇ ಮಾಡಿದ ಉಪ್ಪಿನ ಮಿಶ್ರಣ (ಅಡುಗೆ ಉಪ್ಪಲ್ಲ) ಬೆರೆಸಿ, ಸಾಪೇಕ್ಷ ಸಾಂದ್ರತೆಯನ್ನು 1.025ಕ್ಕೆ ತನ್ನಿ. ಆವಿಯಾದಷ್ಟು ನೀರನ್ನು ತುಂಬುವಾಗ ಬರಿಯ ಆರ್‌ಒ ನೀರು ಹಾಕಿ, ಉಪ್ಪು ಆವಿಯಾಗುವುದಿಲ್ಲವಲ್ಲ! ಉಷ್ಣತೆ 25ರಿಂದ 27 ಡಿಗ್ರಿ. ಮೇ ತಿಂಗಳ ಸೆಕೆಗೆ ಚಿಲ್ಲರ್ (ನೀರು ತಂಪಾಗಿಸುವ ಯಂತ್ರ) ಬೇಕು. ಮುಂಬೈಯ ತೇವದ ಗಾಳಿಯಲ್ಲಿ ಫ್ಯಾನಿನಿಂದ ಹೆಚ್ಚೇನೂ ಆಗದು.

ಹೊಸ ತೊಟ್ಟಿಯ ನೀರಿನಲ್ಲಿ ಮೊದಲು ಏರುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದ ಮೇಲೆ ಮೀನು ಬಿಡಿ. ತೊಟ್ಟಿಯಲ್ಲೇ ಹುಟ್ಟಿದ ಮರಿಗಳನ್ನು ಕೇಳಿ, ಒಂದು ದೊಡ್ಡದು, ಒಂದು ಚಿಕ್ಕದು. ಮೇಲುಗೈ ಪಡೆದದ್ದು ಹೆಣ್ಣಾಗುತ್ತದೆ. ಬೆಳೆದ ಎರಡು ಹೆಣ್ಣುಗಳನ್ನು ಕೂಡಿಹಾಕಿದರೆ ಕಾದಾಟ ಸಾವಿನವರೆಗೂ ಹೋಗಬಹುದು.

ಅನಿಮೋನ್‌ಗೆ ಆರು ತಿಂಗಳಾದರೂ ಕಾಯಿರಿ. ಬಬಲ್-ಟಿಪ್ ಜಾತಿ ಉಳಿದವುಗಳಿಗಿಂತ ಸುಲಭ. ಕೊಳ್ಳುವಾಗ ನೋಡಿ: ಬಾಯಿ ಬಿಗಿಯಾಗಿ ಮುಚ್ಚಿರಬೇಕು, ಪಾದ (ಕಲ್ಲಿಗೆ ಅಂಟಿಕೊಳ್ಳುವ ಬುಡ) ಹರಿದಿರಬಾರದು, ಮೈ ಬಿಳಿಚಿಕೊಂಡಿರಬಾರದು. ಅದಕ್ಕೆ ಪ್ರಖರ ರೀಫ್ ದೀಪ (ಹವಳದ ತೊಟ್ಟಿಗೆ ಬಳಸುವ ದೀಪ) ಬೇಕು. ತನಗೆ ಹಿಡಿಸಿದ ಜಾಗ ಹುಡುಕುತ್ತ ತೊಟ್ಟಿಯಲ್ಲಿ ಸರಿದಾಡುತ್ತದೆ; ಪಂಪಿನ ಬಾಯಿಗೆ ಸಿಕ್ಕರೆ ಚೂರುಚೂರಾಗಿ ಇಡೀ ನೀರು ಕೆಟ್ಟು ಮೀನೂ ಸಾಯಬಹುದು. ಮೊದಲೇ ಪಂಪುಗಳಿಗೆ ಸ್ಪಂಜು ಅಥವಾ ಜಾಲರಿ ಕಟ್ಟಿ. ಅನಿಮೋನ್‌ಗೆ ವಾರಕ್ಕೊಮ್ಮೆ ಉಗುರಿನಷ್ಟು ಸೀಗಡಿ ಸಾಕು. ಮೀನು ಅದರೊಳಗೆ ಸೇರಲು ವಾರಗಳೇ ಹಿಡಿಯಬಹುದು, ಸೇರದೆಯೂ ಇರಬಹುದು, ಕೈಯಿಂದ ತಳ್ಳಬೇಡಿ.