ಕತ್ತಿನ ಧಮನಿಯ ಬ್ಲಾಕ್, ಅದರ ಚಿಕಿತ್ಸೆ ಮತ್ತು ಜ್ಞಾಪಕಶಕ್ತಿ: ನನ್ನ ಅನುಭವ

ಕೋಲಾರದಲ್ಲಿ ಫಿಸಿಷಿಯನ್ ಆಗಿರುವ ನನ್ನ ಬಳಿಗೆ ಕತ್ತಿನ ರಕ್ತನಾಳ ಕಿರಿದಾಗಿರುವವರು ಬಂದಾಗ, ರೋಗಿಗಿಂತ ಮೊದಲು ಅವರ ಮಕ್ಕಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ಬ್ಲಾಕ್ ತೆಗೆಸಿದರೆ ಅಪ್ಪನ ಮರೆವು ಹೋಗ್ತದಾ ಸಾರ್?" ರಕ್ತದ ಹರಿವನ್ನು ಅಳೆಯುವ ಡಾಪ್ಲರ್ ಸ್ಕ್ಯಾನಿನ ವರದಿಯಲ್ಲಿ ನಾಳ ಶೇಕಡಾ 70 ಇಲ್ಲವೇ 80ರಷ್ಟು ಕಿರಿದಾಗಿದೆ ಎಂದು ಬರೆದಿರುತ್ತದೆ. ಮನೆಯಲ್ಲಿ ಒಂದೆರಡು ವರ್ಷದಿಂದ ಅಪ್ಪ ಡೇರಿಯ ಹಾಲಿನ ಲೆಕ್ಕದಲ್ಲಿ ತಡವರಿಸುತ್ತಿರುತ್ತಾರೆ, ಕೇಳಿದ್ದನ್ನೇ ಮತ್ತೆ ಕೇಳುತ್ತಿರುತ್ತಾರೆ. ಇವೆರಡನ್ನೂ ಜೋಡಿಸಿ, ಮಿದುಳಿಗೆ ರಕ್ತ ಸಾಲದೆ ಮರೆವು ಬಂದಿದೆ ಎಂದು ಮನೆಯವರು ತೀರ್ಮಾನಿಸಿಕೊಂಡೇ ಬಂದಿರುತ್ತಾರೆ. ಆ ತೀರ್ಮಾನ ಕೆಲವರ ವಿಷಯದಲ್ಲಿ ಸ್ವಲ್ಪಮಟ್ಟಿಗೆ ಸರಿ, ಬಹಳ ಜನರ ವಿಷಯದಲ್ಲಿ ಸರಿಯಲ್ಲ. ಯಾರದು ಯಾವ ಬಗೆ ಎಂದು ತಿಳಿಯಬೇಕಾದರೆ ಚಿಕಿತ್ಸೆಗೆ ಮುಂಚೆಯೇ ಯೋಚನಾಶಕ್ತಿ ಮತ್ತು ಜ್ಞಾಪಕಶಕ್ತಿಯನ್ನು ಅಳೆದು ಬರೆದಿಡಬೇಕು. ಹಾಗೆ ಬರೆದಿಡುವ ಪದ್ಧತಿಯನ್ನು ನಾನು ಹೇಗೆ ರೂಢಿಸಿಕೊಂಡೆ, ಅದರಿಂದ ನನಗೆ ಏನು ಕಂಡಿತು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಕತ್ತಿನ ಎರಡೂ ಬದಿಯಲ್ಲಿ ಮೇಲೇರುವ ಕ್ಯಾರೋಟಿಡ್ ಧಮನಿ ಗಂಟಲಮಣಿಯ ಮೇಲಂಚಿನ ಆಸುಪಾಸಿನಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಮುಖ ಮತ್ತು ನೆತ್ತಿಯ ಕಡೆಗೆ, ಇನ್ನೊಂದು ಮಿದುಳು ಮತ್ತು ಕಣ್ಣಿನ ಕಡೆಗೆ ಹೋಗುತ್ತದೆ. ರಕ್ತದ ಹರಿವು ಸುಳಿಗೊಳ್ಳುವ ಈ ಕವಲಿನಲ್ಲಿಯೇ ಕೊಬ್ಬು ಮತ್ತು ಕ್ಯಾಲ್ಸಿಯಂ ಸೇರಿದ ಪ್ಲಾಕ್ ಬೆಳೆಯುತ್ತದೆ. ಅದು ಯೋಚನಾಶಕ್ತಿಗೆ ಕೇಡು ಮಾಡುವ ದಾರಿಗಳು ಮೂರು. ಪ್ಲಾಕ್‌ನಿಂದ ಚೂರುಗಳು ಕಿತ್ತುಹೋಗಿ, ಕೈಕಾಲು ಬೀಳದಿದ್ದರೂ ಎಂಆರ್‌ಐನಲ್ಲಿ ಕಾಣುವ ಸಣ್ಣ ಸಣ್ಣ ಹಾನಿಗಳನ್ನು ಮಾಡಬಹುದು. ಹರಿವೇ ಕಡಿಮೆಯಾಗಿ ಆ ಬದಿಯ ಮಿದುಳು ಅರೆಹೊಟ್ಟೆಯಲ್ಲಿ ಕೆಲಸ ಮಾಡುವಂತಾಗಬಹುದು. ಮೂರನೆಯದನ್ನು ಜನ ಗಮನಿಸುವುದೇ ಇಲ್ಲ: ಕತ್ತಿನ ದೊಡ್ಡ ನಾಳವನ್ನು ಕೆಡಿಸಿದ ಬಿಪಿ, ಸಕ್ಕರೆ ಮತ್ತು ಬೀಡಿಯೇ ಮಿದುಳಿನೊಳಗಿನ ಕೂದಲೆಳೆಯಂಥ ನಾಳಗಳನ್ನೂ ಕೆಡಿಸಿರುತ್ತವೆ. ಕತ್ತಿನಲ್ಲಿ ಎಷ್ಟೇ ಚೆನ್ನಾಗಿ ದಾರಿ ಬಿಡಿಸಿದರೂ ಆ ಸಣ್ಣ ನಾಳಗಳ ಹಾನಿ ಅಲ್ಲಿಯೇ ಉಳಿಯುತ್ತದೆ.

ಶೇಕಡಾ 80ರಷ್ಟು ಕಿರಿದಾದ ನಾಳವಿದ್ದೂ ಚುರುಕಾಗಿರುವವರನ್ನು ನಾನು ನೋಡಿದ್ದೇನೆ. ಮಿದುಳಿನ ತಳದಲ್ಲಿ ನಾಲ್ಕೂ ಕಡೆಯ ಧಮನಿಗಳನ್ನು ಬೆಸೆಯುವ ವಿಲಿಸ್ ವರ್ತುಲ ಇದಕ್ಕೆ ಕಾರಣ. ನಮ್ಮ ಜಿಲ್ಲೆಯ ಕೆರೆಸಾಲಿನಲ್ಲಿ ಒಂದು ಕಾಲುವೆ ಹೂಳು ತುಂಬಿದರೂ ಪಕ್ಕದ ಕೆರೆಯ ಕೋಡಿ ನೀರು ಬಂದು ಕೆಳಗಿನ ಗದ್ದೆ ಒಣಗದೆ ಉಳಿಯುವಂತೆ, ಎದುರು ಬದಿಯ ಮತ್ತು ಹಿಂಬದಿಯ ಧಮನಿಗಳಿಂದ ರಕ್ತ ಬಂದು ಸೇರುತ್ತದೆ. ಆ ವರ್ತುಲ ಎಲ್ಲರಲ್ಲಿಯೂ ಪೂರ್ಣವಾಗಿರುವುದಿಲ್ಲ. ಆದ್ದರಿಂದ ಡಾಪ್ಲರ್ ಹೇಳುವ ಶೇಕಡಾವಾರಿನಿಂದ ಮರೆವಿನ ಪ್ರಮಾಣವನ್ನು ಊಹಿಸಲು ನಾನು ಹೋಗುವುದಿಲ್ಲ.

ದೊಡ್ಡ ಅಧ್ಯಯನಗಳು ಏನನ್ನು ತೋರಿಸಿವೆ ಎಂಬುದನ್ನು ಮನೆಯವರಿಗೆ ನೇರವಾಗಿ ಹೇಳುತ್ತೇನೆ. 1991ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ನ್ಯಾಸೆಟ್ ಅಧ್ಯಯನದಲ್ಲಿ, ಆಗಲೇ ಸ್ಟ್ರೋಕ್ ಲಕ್ಷಣ ಕಾಣಿಸಿಕೊಂಡು ನಾಳ ಶೇಕಡಾ 70ರಿಂದ 99ರಷ್ಟು ಕಿರಿದಾಗಿದ್ದವರಲ್ಲಿ, ಬರೀ ಔಷಧ ಪಡೆದ ನೂರರಲ್ಲಿ 26 ಜನರಿಗೆ ಎರಡು ವರ್ಷದೊಳಗೆ ಅದೇ ಬದಿಯ ಸ್ಟ್ರೋಕ್ ಆಯಿತು. ಎಂಡಾರ್ಟರೆಕ್ಟಮಿ, ಅಂದರೆ ನಾಳ ತೆರೆದು ಪ್ಲಾಕ್ ತೆಗೆಯುವ ಶಸ್ತ್ರಚಿಕಿತ್ಸೆ, ಮಾಡಿಸಿಕೊಂಡವರಲ್ಲಿ ಆ ಸಂಖ್ಯೆ 9ಕ್ಕೆ ಇಳಿಯಿತು. ಇದು ಬಹಳ ದೊಡ್ಡ ಲಾಭ. ಲಕ್ಷಣಗಳೇ ಇಲ್ಲದವರಲ್ಲಿ ಲೆಕ್ಕ ಬೇರೆ. ಒಳ್ಳೆಯ ಔಷಧಗಳ ಈ ಕಾಲದಲ್ಲಿ ನಡೆದು 2025ರಲ್ಲಿ ಪ್ರಕಟವಾದ ಕ್ರೆಸ್ಟ್-2 ಅಧ್ಯಯನದಲ್ಲಿ, ಬಿಗಿಯಾದ ಔಷಧೋಪಚಾರವನ್ನಷ್ಟೇ ಪಡೆದವರಲ್ಲಿ ನಾಲ್ಕು ವರ್ಷದಲ್ಲಿ ತೊಂದರೆಗೊಳಗಾದವರು ಶೇಕಡಾ 6, ಅದರ ಜೊತೆಗೆ ಸ್ಟೆಂಟ್, ಅಂದರೆ ನಾಳವನ್ನು ಒಳಗಿನಿಂದ ತೆರೆದಿಡುವ ಜಾಲರಿ ಕೊಳವೆ, ಹಾಕಿಸಿಕೊಂಡವರಲ್ಲಿ ಶೇಕಡಾ 2.8. ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಕಂಡ ವ್ಯತ್ಯಾಸ ಖಚಿತವೆನ್ನುವಷ್ಟು ಇರಲಿಲ್ಲ. ಈ ಅಂಕಿಗಳೆಲ್ಲವೂ ಸ್ಟ್ರೋಕ್ ಮತ್ತು ಸಾವಿಗೆ ಸಂಬಂಧಿಸಿದವು, ಮರೆವಿಗಲ್ಲ. ಧಮನಿ ಪೂರ್ತಿ ಮುಚ್ಚಿ ಮಿದುಳಿಗೆ ರಕ್ತ ಸಾಲದಿದ್ದವರಿಗೆ ತಲೆಬುರುಡೆಯ ಹೊರಗಿನ ನಾಳವನ್ನು ಒಳಗಿನದಕ್ಕೆ ಜೋಡಿಸಿ ನೋಡಿದ ರೆಕಾನ್ ಅಧ್ಯಯನದಲ್ಲಿಯೂ, ಎರಡು ವರ್ಷದ ನಂತರ ಯೋಚನಾಶಕ್ತಿಯಲ್ಲಿ ಔಷಧವನ್ನು ಮೀರಿದ ಲಾಭ ಕಾಣಲಿಲ್ಲ. ಹರಿವು ಹೆಚ್ಚಿಸಿದರೆ ಬುದ್ಧಿ ಚುರುಕಾಗುತ್ತದೆ ಎಂಬ ಸರಳ ನಂಬಿಕೆಯನ್ನು ನಾನು ಕೈಬಿಟ್ಟಿದ್ದಕ್ಕೆ ಇದೂ ಒಂದು ಕಾರಣ.

ಯೋಚನಾಶಕ್ತಿ ಮತ್ತು ಜ್ಞಾಪಕಶಕ್ತಿಯನ್ನು ಅಳೆಯುವುದು ಹೇಗೆ ಎಂಬುದರಲ್ಲಿಯೇ ನನ್ನ ಹೆಚ್ಚಿನ ಶ್ರಮ ಹೋಗಿದೆ. 2005ರಲ್ಲಿ ಪ್ರಕಟವಾದ, 30 ಅಂಕಗಳ ಮೋಕಾ ಪರೀಕ್ಷೆಗೆ ಕನ್ನಡದ ರೂಪವಿದೆ. ಹೈಸ್ಕೂಲು ಓದಿದವರಿಗೆ ಅದನ್ನೇ ಬಳಸುತ್ತೇನೆ. ಆದರೆ ಜೀವಮಾನದಲ್ಲಿ ಪೆನ್ಸಿಲ್ ಹಿಡಿಯದ ಹಿರಿಯರಿಗೆ ಘನಾಕೃತಿ ಬರೆಯಿರಿ, ಗಡಿಯಾರ ಬರೆಯಿರಿ ಎಂದರೆ ನಾವು ಅಳೆಯುವುದು ಅವರ ಮಿದುಳನ್ನಲ್ಲ, ಅವರಿಗೆ ಸಿಗದೇ ಹೋದ ಶಾಲೆಯನ್ನು. ಹರಿಯಾಣದ ಬಲ್ಲಬ್‌ಗಢದ ಹಳ್ಳಿಗಳಲ್ಲಿ ಓದುಬರಹ ಕಲಿಯದ ಹಿರಿಯರಿಗಾಗಿಯೇ ರೂಪಿಸಿದ, 1995ರಲ್ಲಿ ಪ್ರಕಟವಾದ ಎಚ್‌ಎಂಎಸ್‌ಇ ಪರೀಕ್ಷೆ ನನಗೆ ಮಾರ್ಗ ತೋರಿಸಿತು. ಅದರಲ್ಲಿ ಹೊತ್ತು ಯಾವುದು, ಕಾಲ ಯಾವುದು ಎಂದು ಕೇಳುವ ರೀತಿ ನಮ್ಮ ಹಳ್ಳಿಗಳಿಗೆ ಹೊಂದುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ನಮ್ಮದೇ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದವರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಸ್ಯಾನ್ಸ್‌ಕಾಗ್ ಅಧ್ಯಯನವನ್ನು ನಡೆಸುತ್ತಿರುವುದರಿಂದ, ಆ ಕಡೆಯ ಜನರಿಗೆ ಇಂಥ ಪ್ರಶ್ನೆಗಳು ಹೊಸದಾಗಿ ಉಳಿದಿಲ್ಲ ಎಂಬುದೂ ನನಗೆ ಅನುಕೂಲವಾಗಿದೆ.

ಭಾಷೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಬಹಳ ಮನೆಗಳಲ್ಲಿ ತೆಲುಗು ಮಾತು, ಕಚೇರಿ ಮತ್ತು ಶಾಲೆಯಲ್ಲಿ ಕನ್ನಡ. ಕೋಲಾರ ಪಟ್ಟಣದ ಹಲವು ಮನೆಗಳಲ್ಲಿ ಉರ್ದು. ಡಾಕ್ಟರ ಎದುರು ಗೌರವಕ್ಕೆಂದು ಕನ್ನಡದಲ್ಲಿಯೇ ಉತ್ತರಿಸಲು ಹೊರಟು ಪದ ಹುಡುಕುತ್ತಾ ನಿಂತವರಿಗೆ ಅಂಕ ಕಳೆದರೆ ಅದು ಅನ್ಯಾಯ. ಅದಕ್ಕಾಗಿ ಮೊದಲೇ ಕೇಳುತ್ತೇನೆ: "ಅಜ್ಜಾ, ದುಡ್ಡು ಎಣಿಸೋದು ಯಾವ ಭಾಷೆಯಲ್ಲಿ?" ಆ ಭಾಷೆಯಲ್ಲಿಯೇ ಪರೀಕ್ಷೆ ನಡೆಯುತ್ತದೆ. ಮುಂದಿನ ಸಲವೂ ಅದೇ ಭಾಷೆ, ಸಾಧ್ಯವಾದ ಮಟ್ಟಿಗೆ ಪರೀಕ್ಷೆ ಮಾಡುವವರೂ ಅವರೇ, ಹೊತ್ತೂ ಅದೇ ಇರುವಂತೆ ನೋಡಿಕೊಳ್ಳುತ್ತೇನೆ. ನೆನಪಿಡಲು ಕೊಡುವ ಐದು ಪದಗಳ ಪಟ್ಟಿ ಮಾತ್ರ ಪ್ರತಿ ಸಲವೂ ಬೇರೆ. ಇಲ್ಲವಾದರೆ ಹಿಂದಿನ ಸಲದ ಪದಗಳು ನೆನಪಿದ್ದೇ ಅಂಕ ಏರಿ, ಚಿಕಿತ್ಸೆಯಿಂದ ಸುಧಾರಿಸಿದರು ಎಂಬ ಭ್ರಮೆ ಹುಟ್ಟುತ್ತದೆ. ಒಂದು ನಿಮಿಷದಲ್ಲಿ ಎಷ್ಟು ಹೆಸರು ಹೇಳಬಲ್ಲರು ಎಂದು ನೋಡುವಾಗ ನಾನು ತರಕಾರಿಗಳನ್ನು ಬಿಟ್ಟು ಪ್ರಾಣಿಗಳನ್ನು ಕೇಳುತ್ತೇನೆ, ಏಕೆಂದರೆ ಟೊಮೆಟೊ ಮಂಡಿಯಲ್ಲಿ ಬದುಕು ಕಳೆದವರಿಗೆ ತರಕಾರಿಗಳ ಹೆಸರು ನಾಲಿಗೆಯ ಮೇಲೆಯೇ ಇರುತ್ತವೆ, ಅದರಿಂದ ಏನೂ ತಿಳಿಯುವುದಿಲ್ಲ.

ಕತ್ತಿನ ಧಮನಿಯ ತೊಂದರೆಯಲ್ಲಿ ಮೊದಲು ಕುಗ್ಗುವುದು ಹೆಚ್ಚಾಗಿ ಗಮನ, ಯೋಚನೆಯ ವೇಗ ಮತ್ತು ಒಂದು ಕೆಲಸವನ್ನು ಹಂತಹಂತವಾಗಿ ಮುಗಿಸುವ ಶಕ್ತಿ. ಮನೆಯವರು ಅದನ್ನೂ ಮರೆವು ಎಂದೇ ಕರೆಯುತ್ತಾರೆ. ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಿ, ಅಂಕಿಗಳನ್ನು ತಿರುಗಿಸಿ ಹೇಳಿಸಿ ನೋಡಿದಾಗ ಅದು ಬೇರೆಯಾಗಿ ಕಾಣುತ್ತದೆ. ಸುಳಿವು ಕೊಟ್ಟ ತಕ್ಷಣ ಪದ ಹೊಳೆದರೆ ನೆನಪು ಒಳಗೆ ಇದೆ, ತೆಗೆಯುವುದಷ್ಟೇ ನಿಧಾನ ಎಂದು ಅರ್ಥ. ಸುಳಿವು ಕೊಟ್ಟರೂ ಹೊಳೆಯದಿದ್ದರೆ ಆಲ್ಝೈಮರ್ ಕಾಯಿಲೆಯ ಕಡೆಗೂ ಗಮನ ಕೊಡುತ್ತೇನೆ. ಮಗಳನ್ನೋ ಸೊಸೆಯನ್ನೋ ಬೇರೆಯಾಗಿ ಕೂರಿಸಿ, ಮಂಡಿಯ ಚೀಟಿ ಯಾರು ನೋಡುತ್ತಾರೆ, ಮಾತ್ರೆಗಳನ್ನು ತಾವೇ ತೆಗೆದುಕೊಳ್ಳುತ್ತಾರೆಯೇ, ಬಸ್ಸಿನಲ್ಲಿ ಒಬ್ಬರೇ ಹೋಗಿ ಬರುತ್ತಾರೆಯೇ ಎಂದು ಕೇಳಿ ಬರೆದುಕೊಳ್ಳುತ್ತೇನೆ. ಅಂಕಗಳಿಗಿಂತ ಈ ಉತ್ತರಗಳನ್ನು ನಾನು ಹೆಚ್ಚು ನಂಬುತ್ತೇನೆ.

ಕತ್ತಿನ ಮೇಲೆ ಆರೋಪ ಹೊರಿಸುವ ಮೊದಲು ಉಳಿದ ಕಾರಣಗಳನ್ನು ನೋಡುವುದು ಕಡ್ಡಾಯ. ಬಿ12, ಥೈರಾಯ್ಡ್, ಸೋಡಿಯಂ, ಸಕ್ಕರೆ ತೀರಾ ಇಳಿಯುವುದು, ಕಿವಿ ಕೇಳಿಸದಿರುವುದು, ಕಣ್ಣಿನ ಪೊರೆ, ಕುಡಿತ, ಖಿನ್ನತೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಇವೆಲ್ಲವೂ ಯೋಚನೆಯನ್ನು ಮಂಕಾಗಿಸುತ್ತವೆ. ಶ್ರೀನಿವಾಸಪುರದ ಕಡೆಯ ಮಾವಿನ ತೋಟದ ಹಿರಿಯರೊಬ್ಬರನ್ನು ಮಕ್ಕಳು ಸ್ಟೆಂಟ್ ಹಾಕಿಸಬೇಕೆಂದೇ ಕರೆತಂದಿದ್ದರು. ಬಲಗಡೆ ನಾಳ ಶೇಕಡಾ 70ರಷ್ಟು ಕಿರಿದಾಗಿತ್ತು, ಆದರೆ ಒಂದು ಸಲವೂ ಸ್ಟ್ರೋಕ್ ಲಕ್ಷಣ ಕಂಡಿರಲಿಲ್ಲ. ಬಿ12 ಬಹಳ ಕಡಿಮೆಯಿತ್ತು, ಹೆಂಡತಿ ತೀರಿಹೋದ ಮೇಲೆ ಊಟ ನಿದ್ದೆ ಎರಡೂ ಕೆಟ್ಟಿದ್ದವು. ಬಿ12 ಚುಚ್ಚುಮದ್ದು, ಖಿನ್ನತೆಗೆ ಮಾತ್ರೆ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಆಸ್ಪಿರಿನ್ ಮತ್ತು ಬಿಪಿ ಹತೋಟಿ ಶುರುವಾದ ಕೆಲವು ತಿಂಗಳ ನಂತರ ಅವರು ಪರೀಕ್ಷೆಯಲ್ಲಿಯೂ ತೋಟದ ವ್ಯವಹಾರದಲ್ಲಿಯೂ ಸ್ಪಷ್ಟವಾಗಿ ಚೇತರಿಸಿಕೊಂಡರು. ಮೊದಲೇ ಸ್ಟೆಂಟ್ ಹಾಕಿಸಿದ್ದರೆ ಆ ಚೇತರಿಕೆಯ ಯಶಸ್ಸನ್ನೆಲ್ಲ ಸ್ಟೆಂಟಿಗೇ ಕೊಡುತ್ತಿದ್ದೆವು. ಸ್ಟೆಂಟಿನ ಮಾತನ್ನು ಈಗ ಅವರೊಂದಿಗೆ ಬೇರೆಯಾಗಿ, ಸ್ಟ್ರೋಕ್ ತಡೆಯುವ ಪ್ರಶ್ನೆಯಾಗಿ ಮಾತ್ರ ಚರ್ಚಿಸುತ್ತಿದ್ದೇನೆ.

ಸ್ಟ್ರೋಕ್ ಲಕ್ಷಣ ಕಂಡವರ ವಿಷಯದಲ್ಲಿ ಮಾತ್ರ ನಾನು ಯಾವ ಜ್ಞಾಪಕ ಪರೀಕ್ಷೆಗೂ ಕಾಯುವುದಿಲ್ಲ. ಒಂದು ಕಣ್ಣಿಗೆ ಪರದೆ ಇಳಿದಂತಾಗಿ ಕೆಲವು ನಿಮಿಷದಲ್ಲಿ ಸರಿಹೋಗುವುದು, ಮಾತು ತೊದಲುವುದು, ಒಂದು ಕೈಯಿಂದ ವಸ್ತು ಜಾರುವುದು, ಇವು ತಾವಾಗಿಯೇ ವಾಸಿಯಾದರೂ ಎಚ್ಚರಿಕೆಯ ಗಂಟೆಗಳು. ನಾಳ ತೆರೆಸುವುದಾದರೆ ಮೊದಲ ಎರಡು ವಾರದೊಳಗೆ ತೆರೆಸಿದಾಗ ಲಾಭ ಅತಿ ಹೆಚ್ಚು. ಹೀಗೆ ಬಂದ ನಿವೃತ್ತ ಶಿಕ್ಷಕರೊಬ್ಬರಿಗೆ ಎಡಗಡೆಯ ಧಮನಿಯಲ್ಲಿ ರಕ್ತದ ವೇಗ ಸೆಕೆಂಡಿಗೆ 230 ಸೆಂಟಿಮೀಟರ್ ಮೀರಿತ್ತು, ಅಂದರೆ ನಾಳ ಶೇಕಡಾ 70ಕ್ಕಿಂತ ಹೆಚ್ಚು ಕಿರಿದಾಗಿತ್ತು. ಸಿಟಿ ಆಂಜಿಯೋದಲ್ಲಿಯೂ ಅದೇ ಕಂಡಿತು. ಬೆಂಗಳೂರಿಗೆ ಕಳುಹಿಸುವ ಏರ್ಪಾಡು ನಡೆಯುತ್ತಿರುವಾಗಲೇ ಹಾಸಿಗೆಯ ಪಕ್ಕದಲ್ಲಿ ಕುಳಿತು ಚಿಕ್ಕ ಪರೀಕ್ಷೆಯೊಂದನ್ನು ಮಾಡಿ ಬರೆದಿಟ್ಟೆ. ಎಂಡಾರ್ಟರೆಕ್ಟಮಿ ಆಗಿ ಮೂರು ತಿಂಗಳ ಮೇಲೆ ನೋಡಿದಾಗ ಗಮನ ಮತ್ತು ವೇಗದ ಪ್ರಶ್ನೆಗಳಲ್ಲಿ ಸ್ವಲ್ಪ ಸುಧಾರಣೆಯಿತ್ತು, ಪದಗಳ ನೆನಪು ಇದ್ದಂತೆಯೇ ಇತ್ತು. ವರ್ಷದ ನಂತರವೂ ಕುಸಿದಿರಲಿಲ್ಲ. ಮತ್ತೊಂದು ಸ್ಟ್ರೋಕ್ ತಪ್ಪಿದ್ದರಿಂದ ಉಳಿದುಬಂದ ಬುದ್ಧಿಶಕ್ತಿಯನ್ನು ಯಾವ ಅಂಕಪಟ್ಟಿಯೂ ತೋರಿಸುವುದಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಈ ಚಿಕಿತ್ಸೆಯ ನಿಜವಾದ ಕೊಡುಗೆ ಅದೇ.

ಸ್ಟೆಂಟ್ ಮತ್ತು ಶಸ್ತ್ರಚಿಕಿತ್ಸೆಗಳಲ್ಲಿ ಯಾವುದು ಎಂಬುದನ್ನು ವಯಸ್ಸು, ಹೃದಯದ ಸ್ಥಿತಿ, ನಾಳದ ಆಕಾರ ನೋಡಿ ಬೆಂಗಳೂರಿನ ತಂಡ ನಿರ್ಧರಿಸುತ್ತದೆ. ಇವೆರಡನ್ನೂ ಹೋಲಿಸಿ ನೋಡಿದ ಐಸಿಎಸ್‌ಎಸ್ ಅಧ್ಯಯನದ ಎಂಆರ್‌ಐ ಭಾಗದಲ್ಲಿ ಹೊಸ ಸಣ್ಣ ಹಾನಿಗಳು ಸ್ಟೆಂಟ್ ನಂತರ ಶೇಕಡಾ 50ರಷ್ಟು ಜನರಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಶೇಕಡಾ 17ರಷ್ಟು ಜನರಲ್ಲಿ ಕಂಡಿದ್ದವು. ಅವುಗಳಲ್ಲಿ ಹೆಚ್ಚಿನವು ಹೊರಗೆ ಯಾವ ಲಕ್ಷಣವನ್ನೂ ತೋರುವುದಿಲ್ಲ. ಆದರೂ ವಯಸ್ಸು 70 ದಾಟಿದವರಿಗೆ ಸ್ಟೆಂಟ್ ಎಂದಾಗ ನಾನು ಈ ಅಂಶವನ್ನು ಎತ್ತಿ ಚರ್ಚಿಸುತ್ತೇನೆ. ಚಿಕಿತ್ಸೆಯಾದ ಮೊದಲ ದಿನಗಳಲ್ಲಿ ಅರಿವಳಿಕೆ, ನೋವು, ನಿದ್ದೆಗೇಡುಗಳಿಂದ ಯಾರಿಗೇ ಆದರೂ ಮಂಕು ಕವಿದಿರುತ್ತದೆ. ಆಗ ಜ್ಞಾಪಕಶಕ್ತಿ ಅಳೆದು ಗಾಬರಿಪಡುವುದು ಬೇಡ, ಮೂರು ತಿಂಗಳು ಬಿಟ್ಟು ಅಳೆಯುವುದು ಸರಿ. ಕಾಯಲಾಗದ ಸಂಗತಿ ಒಂದಿದೆ: ಬಹುಕಾಲ ಕಡಿಮೆ ಹರಿವಿಗೆ ಒಗ್ಗಿಕೊಂಡ ಮಿದುಳಿಗೆ ಒಮ್ಮೆಲೇ ರಕ್ತ ನುಗ್ಗಿದರೆ ಆ ಬದಿಗೆ ವಿಪರೀತ ತಲೆನೋವು, ಫಿಟ್ಸ್, ಅಪರೂಪಕ್ಕೆ ರಕ್ತಸ್ರಾವವೂ ಆಗಬಹುದು. ಊರಿಗೆ ಮರಳಿದವರಿಗೆ ಮೊದಲ ತಿಂಗಳು ದಿನಕ್ಕೆ ಎರಡು ಸಲ ಬಿಪಿ ನೋಡಿಸಿ ಬರೆದುಕೊಳ್ಳಲು ಹೇಳುತ್ತೇನೆ, ತಲೆನೋವು ಬಂದರೆ ಅರ್ಧರಾತ್ರಿಯಾದರೂ ಬರಬೇಕೆಂದು ತಾಕೀತು ಮಾಡುತ್ತೇನೆ.

ನಾನು ಅತ್ಯಂತ ಕಷ್ಟಪಡುವುದು "ಆಪರೇಷನ್ ಆಯ್ತಲ್ಲ, ಇನ್ನು ಮಾತ್ರೆ ಯಾಕೆ" ಎನ್ನುವವರೊಂದಿಗೆ. ಎದುರು ಬದಿಯ ಧಮನಿ, ಹೃದಯದ ನಾಳ, ಮಿದುಳಿನ ಸಣ್ಣ ನಾಳ ಇವೆಲ್ಲವನ್ನೂ ಕಾಯುವುದು ಆ ಮಾತ್ರೆಗಳೇ. ಸ್ಟೆಂಟ್ ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡೂ ಕನಿಷ್ಠ ನಾಲ್ಕು ವಾರ ತಪ್ಪಬಾರದು, ಆಮೇಲೆ ಒಂದಂತೂ ಜೀವನಪೂರ್ತಿ ಬೇಕು. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ 70ಕ್ಕಿಂತ ಕೆಳಗಿರಬೇಕು, ಬಿಪಿ 130/80ರ ಆಸುಪಾಸಿಗೆ ನಿಧಾನವಾಗಿ ಬರಬೇಕು, ಬೀಡಿ ಪೂರ್ತಿ ನಿಲ್ಲಬೇಕು. ಮರೆವಿರುವವರ ಕೈಗೇ ಮಾತ್ರೆಯ ಡಬ್ಬಿ ಕೊಟ್ಟು ಕಳುಹಿಸುವುದು ವ್ಯರ್ಥ. ಮನೆಯಲ್ಲಿ ಒಬ್ಬರ ಹೆಸರನ್ನು ಚೀಟಿಯ ಮೇಲೆಯೇ ಬರೆದು, ಮಾತ್ರೆಯ ಹೊಣೆ ಅವರದು ಎಂದು ಎಲ್ಲರ ಎದುರು ಹೇಳುತ್ತೇನೆ.

ಈಗ ಬೆಂಗಳೂರಿಗೆ ಹೋಗುವ ಪ್ರತಿ ರೆಫರಲ್ ಪತ್ರದ ಜೊತೆ ಜ್ಞಾಪಕ ಪರೀಕ್ಷೆಯ ಒಂದು ಹಾಳೆಯನ್ನೂ ಲಗತ್ತಿಸುತ್ತೇನೆ. ಪರೀಕ್ಷೆ ನಡೆದ ಭಾಷೆ, ಓದಿದ ತರಗತಿ, ಯಾವ ಪದಪಟ್ಟಿ, ಕಿವಿ ಕಣ್ಣುಗಳ ಸ್ಥಿತಿ, ಮನೆಯವರು ಹೇಳಿದ್ದು, ಎಲ್ಲವೂ ಅದರಲ್ಲಿರುತ್ತದೆ. ಅದರ ಒಂದು ನಕಲು ರೋಗಿಯ ಫೈಲಿನಲ್ಲಿ ಉಳಿಯುತ್ತದೆ. ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಅವರು ಬಂದಾಗ ಹಳೆಯ ಹಾಳೆಯ ಪಕ್ಕದಲ್ಲಿ ಹೊಸದನ್ನಿಟ್ಟು, ಯಾವುದು ಹಾಗೆಯೇ ಇದೆ, ಯಾವುದು ಬದಲಾಗಿದೆ ಎಂದು ಮಕ್ಕಳಿಗೆ ತೋರಿಸಿ ಹೇಳುತ್ತೇನೆ.