ಟೋಕಿಯೊದ ಮೇಜಿ ಜಿಂಗು: ಕಾಡಿನೊಳಗಿನ ಗುಡಿಗೆ ಹೋಗುವ ಕ್ರಮ

ಚಪ್ಪಲಿ ಎಲ್ಲಿ ಬಿಡಬೇಕು? ನಮ್ಮ ಕಡೆಯಿಂದ ಹೋದವರು ಮೊದಲು ಹುಡುಕುವುದು ಇದನ್ನೇ. ಮೇಜಿ ಜಿಂಗು ಜಪಾನಿನ ಸ್ವಂತ ಧರ್ಮವಾದ ಶಿಂತೊದ ಗುಡಿ; ಇಲ್ಲಿ ಬಿಡಬೇಕಿಲ್ಲ. ದಾರಿಯುದ್ದಕ್ಕೂ ಜಲ್ಲಿ ಹಾಸಿರುವುದರಿಂದ ಹಿಮ್ಮಡಿ ಚಪ್ಪಟೆಯಾಗಿರುವ ಬೂಟು ಹಾಕಿಕೊಳ್ಳಿ. ಹೂವು, ಹಣ್ಣುಕಾಯಿ ಒಯ್ಯುವುದೂ ಬೇಡ.

ಹೊತ್ತು ನೋಡಿ ಹೊರಡಿ. ಸೂರ್ಯೋದಯಕ್ಕೆ ತೆರೆದು ಸೂರ್ಯಾಸ್ತಕ್ಕೆ ಮುಚ್ಚುವ ಗುಡಿ ಇದು, ಪ್ರವೇಶ ಉಚಿತ. ಡಿಸೆಂಬರಿನಲ್ಲಿ ಸಂಜೆ 4ಕ್ಕೇ ಬಾಗಿಲು ಹಾಕುತ್ತಾರೆ. ಊಟ ಮುಗಿಸಿ ನಿಧಾನವಾಗಿ ಹೊರಟವರು ಬರಿಗೈಲಿ ಮರಳಬೇಕಾಗುತ್ತದೆ. ಬೆಳಿಗ್ಗೆ ಬೇಗ ಹೋಗುವುದೇ ಒಳ್ಳೆಯದು.

ಹರಾಜುಕು ರೈಲು ನಿಲ್ದಾಣದ ಪಕ್ಕದ ಸೇತುವೆ ದಾಟಿದರೆ ‘ತೋರಿ’ ಎಂಬ ಮರದ ಹೆಬ್ಬಾಗಿಲು ಸಿಗುತ್ತದೆ. ಅಲ್ಲಿ ಒಂದು ಕ್ಷಣ ನಿಂತು, ತಲೆಬಾಗಿ ಒಳಗೆ ಹೋಗಿ. ದಾರಿಯ ನಟ್ಟನಡುವೆ ನಡೆಯಬೇಡಿ, ಅದು ದೇವರ ದಾರಿ. ಗುಡಿಗೆ ಹತ್ತು ನಿಮಿಷದ ನಡಿಗೆ. ಅವಸರ ಮಾಡಬೇಡಿ, ಏಕೆಂದರೆ ನೋಡಬೇಕಾದ್ದು ಇಲ್ಲೇ ಶುರುವಾಗಿದೆ. ಸುಮಾರು 70 ಹೆಕ್ಟೇರಿನ ಈ ಕಾಡನ್ನು ಬೆಳೆಸಿದ್ದು ಮನುಷ್ಯರ ಕೈಗಳು. ಜಪಾನಿನ ಮೇಜಿ ಚಕ್ರವರ್ತಿ ಮತ್ತು ಅವರ ಪತ್ನಿ ಶೋಕೆನ್ ಮಹಾರಾಣಿಗೆ ಮುಡಿಪಾದ ಗುಡಿ 1920ರಲ್ಲಿ ಸ್ಥಾಪನೆಯಾಯಿತು. ಅದಕ್ಕಾಗಿ ದೇಶದ ಮೂಲೆಮೂಲೆಯಿಂದ ಸುಮಾರು ಒಂದು ಲಕ್ಷ ಮರಗಳು ಕಾಣಿಕೆಯಾಗಿ ಬಂದವು. ದೇವದಾರುವಿನಂಥ ಸೂಜಿ ಎಲೆಯ ಮರಗಳದೇ ತೋಪು ಬೇಕೆಂದು ಆಗಿನ ಪ್ರಧಾನಿ ಓಕುಮ ಪಟ್ಟು ಹಿಡಿದಿದ್ದರು. ನಗರದ ಹೊಗೆಗೆ ಅವು ಬಾಳವು ಎಂದು ಅರಣ್ಯತಜ್ಞ ಹೋಂಡ ಸೇರೊಕು ಒಪ್ಪಲಿಲ್ಲ. ಕರ್ಪೂರ, ಓಕ್‌ನಂಥ ನಿತ್ಯಹಸಿರು ಅಗಲ ಎಲೆಯ ಮರಗಳನ್ನು ಮುಖ್ಯವಾಗಿಟ್ಟುಕೊಂಡು, ಮುಂದೆ ತಾನಾಗಿಯೇ ಬೀಜ ಬಿದ್ದು ಬೆಳೆಯುವಂತೆ ಕಾಡನ್ನು ಯೋಜಿಸಿದರು. ಇಂದಿಗೂ ದಾರಿಯಲ್ಲಿ ಗುಡಿಸಿದ ತರಗೆಲೆಯನ್ನು ಹೊರಗೆ ಸಾಗಿಸದೆ ಮರದ ಬುಡಕ್ಕೇ ಸುರಿಯುತ್ತಾರೆ. ಗುಡಿಯ ಮುಖ್ಯ ಕಟ್ಟಡ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿ, 1958ರಲ್ಲಿ ಮತ್ತೆ ಎದ್ದಿತು.

ಗುಡಿ ಸಮೀಪಿಸುತ್ತಿದ್ದಂತೆ ಕೈ ತೊಳೆಯುವ ತೊಟ್ಟಿ ಸಿಗುತ್ತದೆ. ಸೌಟು ಇದ್ದರೆ ಬಲಗೈಯಲ್ಲಿ ಹಿಡಿದು ತುಂಬ ನೀರು ತೆಗೆದುಕೊಳ್ಳಿ. ಎಲ್ಲ ಹಂತಕ್ಕೂ ಆ ಒಂದೇ ಸೌಟು ನೀರು ಸಾಕಾಗಬೇಕು. ಮೊದಲು ಎಡಗೈ ತೊಳೆಯಿರಿ, ಸೌಟನ್ನು ಎಡಗೈಗೆ ಬದಲಿಸಿ ಬಲಗೈ. ಮತ್ತೆ ಬಲಗೈಗೆ ತಂದು, ಎಡ ಬೊಗಸೆಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಿ. ಎಡಗೈಯನ್ನು ಇನ್ನೊಮ್ಮೆ ತೊಳೆದು, ಸೌಟನ್ನು ನೆಟ್ಟಗೆ ಎತ್ತಿ. ಉಳಿದ ನೀರು ಹಿಡಿಯ ಮೇಲೆ ಇಳಿದು ಅದೂ ಶುದ್ಧವಾಗುತ್ತದೆ. ಸೌಟಿಗೆ ಬಾಯಿ ಹಚ್ಚಬಾರದು. ಮುಕ್ಕಳಿಸಿದ್ದನ್ನು ತೊಟ್ಟಿಯ ನೀರಿಗೆ ಉಗುಳಬಾರದು, ಹೊರಗಿನ ಕಾಲುವೆಗೆ ಬಿಡಿ.

ಗುಡಿಯ ಮುಂದೆ ಕಾಣಿಕೆ ಪೆಟ್ಟಿಗೆಯಿದೆ. ಐದು ಯೆನ್ ನಾಣ್ಯಕ್ಕೆ ಜಪಾನಿಯಲ್ಲಿ ‘ಗೋ ಎನ್’ ಎನ್ನುತ್ತಾರೆ; ನಂಟು ಎಂಬ ಅರ್ಥದ ಪದವೂ ಹಾಗೇ ಕೇಳಿಸುವುದರಿಂದ ಅದನ್ನೇ ಹಾಕುವ ರೂಢಿ. ನಂತರ ಎರಡು ಸಲ ಸೊಂಟ ಬಗ್ಗಿಸಿ ನಮಿಸಿ. ಕೈಗಳನ್ನು ಎದೆಮಟ್ಟದಲ್ಲಿ ಜೋಡಿಸಿ, ಬಲಗೈಯನ್ನು ತುಸು ಕೆಳಕ್ಕೆ ಸರಿಸಿ ಎರಡು ಚಪ್ಪಾಳೆ ತಟ್ಟಿ. ಹೀಗೆ ಸರಿಸಿದರೆ ಸದ್ದು ಚೆನ್ನಾಗಿ ಬರುತ್ತದೆ. ಬೆರಳುಗಳನ್ನು ಮತ್ತೆ ಸರಿಹೊಂದಿಸಿ ಪ್ರಾರ್ಥಿಸಿ, ಕೊನೆಗೊಮ್ಮೆ ನಮಿಸಿ. ಬೌದ್ಧ ಮಂದಿರದಲ್ಲಿ ಚಪ್ಪಾಳೆ ಇಲ್ಲ, ಶಿಂತೊ ಮತ್ತು ಬೌದ್ಧ ಕ್ರಮ ಎರಡನ್ನೂ ಬೆರೆಸಬೇಡಿ. ಪ್ರದಕ್ಷಿಣೆ, ತೀರ್ಥ ಯಾವುದೂ ಇಲ್ಲ. ಗರ್ಭಗುಡಿಯತ್ತ ಕ್ಯಾಮೆರಾ ಹಿಡಿಯಬೇಡಿ.

ಹರಕೆಯಿದ್ದರೆ ‘ಎಮಾ’ ಎಂಬ ಮರದ ಹಲಗೆ ಕೊಂಡು ಬರೆದು ತೂಗುಹಾಕಿ, ಕನ್ನಡದಲ್ಲೇ ಬರೆಯಿರಿ. ಜಪಾನಿನ ಗುಡಿಗಳಲ್ಲಿ ಭವಿಷ್ಯ ತಿಳಿಯಲು ಚೀಟಿ ಎತ್ತುವುದುಂಟು, ಆದರೆ ಇಲ್ಲಿನ ಚೀಟಿಯಲ್ಲಿ ಶುಭಾಶುಭ ಫಲ ಇರುವುದಿಲ್ಲ. ಚಕ್ರವರ್ತಿ ಅಥವಾ ರಾಣಿ ರಚಿಸಿದ ಪುಟ್ಟ ಪದ್ಯವಿರುತ್ತದೆ. ಜೂನ್‌ನಲ್ಲಿ ಹೋದವರು 500 ಯೆನ್ ಕೊಟ್ಟು ಒಳತೋಟಕ್ಕೂ ಹೋಗಿ, ಐರಿಸ್ ಹೂವು ಬಿಡುವುದು ಆಗಲೇ. ಹೊರಡುವಾಗ ತೋರಿ ದಾಟಿದ ಮೇಲೆ ಗುಡಿಯತ್ತ ತಿರುಗಿ ಇನ್ನೊಮ್ಮೆ ತಲೆಬಾಗಬೇಕು.