ತಲೆಗೆ ಮಂಕು ಕವಿದಾಗ ದಿನ ನಡೆಸುವ ಬಗೆ

ದಿನವೂ ಮಾತನಾಡಿಸುವವರ ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುವುದು, ಒಂದೇ ಪುಟವನ್ನು ಮತ್ತೆ ಮತ್ತೆ ಓದಿದರೂ ತಲೆಗೆ ಹತ್ತದಿರುವುದು, ಒಳಕೋಣೆಗೆ ಹೋದ ಮೇಲೆ ಯಾಕೆ ಬಂದೆನೆಂಬುದೇ ಮರೆತುಹೋಗುವುದು, ಇವು ಎಲ್ಲರಿಗೂ ಆಗೊಮ್ಮೆ ಈಗೊಮ್ಮೆ ಆಗುತ್ತವೆ. ವಾರಗಟ್ಟಲೆ ಬಿಡದೆ ಕಾಡಿದಾಗ ಮಾತ್ರ ಅದನ್ನು ಬ್ರೇನ್ ಫಾಗ್ ಎನ್ನುತ್ತಾರೆ. ಹುಬ್ಬಳ್ಳಿ-ಧಾರವಾಡದ ಕಡೆ ‘ಯಾಕೋ ತಲಿ ಓಡವಲ್ದು’ ಎಂದು ಹೇಳಿ ಸುಮ್ಮನಾಗುವುದೇ ಹೆಚ್ಚು. ಮನೆಯವರಂತೂ ಅದನ್ನು ವಯಸ್ಸಿನ ಮೇಲೋ ಮೈಗಳ್ಳತನದ ಮೇಲೋ ಹೊರಿಸಿಬಿಡುತ್ತಾರೆ. ಎರಡೂ ಅನ್ಯಾಯ. ಈ ಮಂಕು ತಾನೇ ಒಂದು ರೋಗವಲ್ಲ, ಬೇರೊಂದು ಕೊರತೆಯ, ಕಾಯಿಲೆಯ ಅಥವಾ ದಣಿವಿನ ಲಕ್ಷಣ. ಕಾರಣವನ್ನು ಹುಡುಕಿಸುವುದು ಮತ್ತು ಅದು ಸಿಗುವವರೆಗೆ ತಲೆಯ ಮೇಲಿನ ಹೊರೆಯನ್ನು ಇಳಿಸಿಕೊಳ್ಳುವುದು, ಈ ಎರಡು ಕೆಲಸಗಳನ್ನೂ ಒಟ್ಟಿಗೇ ಆರಂಭಿಸಬೇಕು.

ಮೊದಲು ಎರಡು ವಾರ ಬರೆದಿಡಿ

ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಪ್ರತಿದಿನ ಮಲಗಿದ ಹೊತ್ತು, ಎದ್ದ ಹೊತ್ತು, ಊಟ, ಚಹಾ, ನುಂಗಿದ ಮಾತ್ರೆಗಳು, ತಲೆ ಚುರುಕಾಗಿದ್ದ ಹೊತ್ತು ಮತ್ತು ಮಂಕಾಗಿದ್ದ ಹೊತ್ತನ್ನು ಗುರುತಿಸಬೇಕು. ಮಹಿಳೆಯರು ಮುಟ್ಟಿನ ದಿನಗಳನ್ನೂ ಬರೆಯಬೇಕು; ಮುಟ್ಟು ನಿಲ್ಲುವ ಹೊತ್ತಿಗೆ ಬರುವ ಹಾರ್ಮೋನುಗಳ ಏರುಪೇರು ನಿದ್ದೆಯನ್ನೂ ನೆನಪನ್ನೂ ಕೆಡಿಸುತ್ತದೆ. ಮಂಕಿನ ನಡುವೆ ಡಾಕ್ಟರ ಮುಂದೆ ಕುಳಿತು ‘ಯಾವಾಗಿನಿಂದ?’ ಎಂಬ ಪ್ರಶ್ನೆಗೆ ನೆನಪಿನಿಂದ ಉತ್ತರಿಸುವುದು ಕಷ್ಟ. ಅಲ್ಲಿ ಈ ಬರಹವೇ ಮಾತನಾಡುತ್ತದೆ.

ನಂತರ ರಕ್ತಪರೀಕ್ಷೆ

ಈ ಹಂತವನ್ನು ಬಿಟ್ಟು ನೆನಪಿನ ಶಕ್ತಿಯ ಟಾನಿಕ್ ಕೊಳ್ಳುವವರು ಬಹಳ. ಅದು ಹಣದ ಜೊತೆಗೆ ಹೊತ್ತನ್ನೂ ಕಳೆಯುತ್ತದೆ. ಮೊದಲು ನೋಡಬೇಕಾದದ್ದು ಹಿಮೋಗ್ಲೋಬಿನ್. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಗರ್ಭಿಣಿಯಲ್ಲದ ಮಹಿಳೆಗೆ 100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ, ಗಂಡಸರಿಗೆ 13 ಗ್ರಾಂಗಿಂತ ಕೆಳಗಿದ್ದರೆ ಅದು ರಕ್ತಹೀನತೆಯೇ. ಜೊತೆಗೆ ಥೈರಾಯ್ಡ್, ಸಕ್ಕರೆ ಮತ್ತು ಬಿ12 ವಿಟಮಿನ್ ಪರೀಕ್ಷೆಗಳನ್ನು ವೈದ್ಯರು ಸಾಮಾನ್ಯವಾಗಿ ಬರೆಯುತ್ತಾರೆ. ಬಿ12 ಸಸ್ಯಾಹಾರದಲ್ಲಿ ಹಾಲು-ಮೊಸರಿನಿಂದ ಮಾತ್ರ ಸಿಗುತ್ತದೆ, ಕಾಳು-ಸೊಪ್ಪುಗಳಲ್ಲಿ ಇರುವುದಿಲ್ಲ. ಹೀಗಾಗಿ ಮೊಟ್ಟೆ, ಮಾಂಸ ತಿನ್ನದ ಮನೆಗಳಲ್ಲಿ ಅದರ ಕೊರತೆ ಸುಲಭವಾಗಿ ಆಗುತ್ತದೆ. ಮಧುಮೇಹಕ್ಕೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲೂ ಬಿ12 ಕುಸಿಯಬಹುದು.

ಈಗಾಗಲೇ ನುಂಗುತ್ತಿರುವ ಮಾತ್ರೆಗಳನ್ನೂ ವೈದ್ಯರ ಮುಂದಿಡಬೇಕು. ನೆಗಡಿಗೆಂದು ಅಂಗಡಿಯಿಂದ ತಂದ, ನಿದ್ದೆ ತರಿಸುವ ಅಲರ್ಜಿ ಮಾತ್ರೆಗಳು ಮರುದಿನದವರೆಗೂ ತಲೆಯನ್ನು ಮಂಕಾಗಿಡಬಲ್ಲವು. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಬರಿ ನೀರಿನೊಡನೆ, ಚಹಾಕ್ಕಿಂತ ಅರ್ಧದಿಂದ ಒಂದು ತಾಸು ಮೊದಲು ನುಂಗಬೇಕು. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ನಾಲ್ಕು ತಾಸಿನ ಅಂತರವಿರಬೇಕು. ಬೆಳಗಿನ ಚಹಾದ ಬಸಿಯನ್ನು ಕೈಯಲ್ಲಿ ಹಿಡಿದೇ ಮಾತ್ರೆ ನುಂಗುವ ರೂಢಿಯಿಂದ ಸರಿಯಾದ ಔಷಧಿಯೂ ಪೂರ್ತಿ ಮೈಗೆ ಹತ್ತುವುದಿಲ್ಲ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟಿದಂತಾಗುತ್ತಿದ್ದರೆ ಅದೂ ನಿದ್ದೆ ಕೆಡಿಸಿ ತಲೆಯನ್ನು ಮಂಕಾಗಿಸಬಹುದು; ಅದನ್ನು ಮನೆಯವರೇ ವೈದ್ಯರಿಗೆ ಹೇಳಬೇಕು, ಮಲಗಿದವರಿಗೆ ಅದು ಗೊತ್ತಿರುವುದಿಲ್ಲ.

ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಆಸ್ಪತ್ರೆ, ಗದಗಿನ ಜಿಮ್ಸ್ ಆಸ್ಪತ್ರೆ, ಹಾವೇರಿಯ ಜಿಲ್ಲಾಸ್ಪತ್ರೆಗಳಿಗೆ ಇದಕ್ಕಾಗಿ ಹೋಗಬಹುದು. ಮಂಕಿನ ಜೊತೆಗೆ ಯಾವುದರಲ್ಲೂ ಮನಸ್ಸಿಲ್ಲದಂತಾಗಿದ್ದರೆ, ದುಃಖ ಅಥವಾ ಆತಂಕ ಬಿಡದೆ ಕಾಡುತ್ತಿದ್ದರೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಹೋಗುವುದರಲ್ಲಿ ಸಂಕೋಚ ಬೇಡ. ಖಿನ್ನತೆಯೂ ನೆನಪನ್ನು ಕುಗ್ಗಿಸುತ್ತದೆ. ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಆದರೆ ಗಲಿಬಿಲಿ ಹಠಾತ್ತಾಗಿ ಬಂದಿದ್ದರೆ, ಬಾಯಿ ಸೊಟ್ಟಗಾಗಿದ್ದರೆ, ಮಾತು ತೊದಲುತ್ತಿದ್ದರೆ, ಒಂದು ಕೈಯೋ ಕಾಲೋ ಬಲ ಕಳೆದುಕೊಂಡಿದ್ದರೆ ಅದು ಪಾರ್ಶ್ವವಾಯು ಆಗಿರಬಹುದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕಾಗುವುದರಿಂದ ಕೂಡಲೇ 108ಕ್ಕೆ ಕರೆ ಮಾಡಬೇಕು.

ತಲೆಯಲ್ಲಿ ಹಿಡಿದಿಡುವುದನ್ನು ನಿಲ್ಲಿಸಿ

ಮನುಷ್ಯನ ಮನಸ್ಸು ಒಂದೇ ಹೊತ್ತಿಗೆ ಮೂರು-ನಾಲ್ಕು ಸಂಗತಿಗಳನ್ನಷ್ಟೇ ಹಿಡಿದಿಟ್ಟುಕೊಳ್ಳಬಲ್ಲದು. ಮಂಕಿನಲ್ಲಿ ಅದೂ ಕಡಿಮೆಯಾಗುತ್ತದೆ. ‘ಈ ಸಲ ಮರೆಯುವುದಿಲ್ಲ’ ಎಂದು ಪ್ರಯತ್ನಿಸುವುದರಿಂದ ದಣಿವು ಹೆಚ್ಚುತ್ತದೆಯೇ ಹೊರತು ನೆನಪು ಹೆಚ್ಚುವುದಿಲ್ಲ. ಹಾಗಾಗಿ ಎಲ್ಲವನ್ನೂ ಹೊರಗೆ ಇಡಬೇಕು. ಕೀಲಿ, ಕನ್ನಡಕ, ಮೊಬೈಲ್, ಆಧಾರ್ ಕಾರ್ಡಿಗೆ ಬಾಗಿಲ ಬಳಿ ಒಂದೇ ಬುಟ್ಟಿ ಇರಲಿ, ಮತ್ತೆಲ್ಲೂ ಇಡಬಾರದು. ಮಾತ್ರೆಗಳಿಗೆ ವಾರದ ಏಳು ಖಾನೆಗಳ ಡಬ್ಬಿ ಇರಲಿ. ಖಾನೆ ಖಾಲಿಯಿದ್ದರೆ ನುಂಗಿದ್ದಾಯಿತು ಎಂದರ್ಥ, ಎರಡು ಸಲ ನುಂಗುವ ಅಪಾಯ ತಪ್ಪುತ್ತದೆ. ಒಲೆ ಹಚ್ಚಿದ ಕೂಡಲೇ ಮೊಬೈಲಿನಲ್ಲಿ ಅಲಾರಾಂ ಇಡಬೇಕು. ಕೆಲಸಗಳ ಪಟ್ಟಿಯಲ್ಲಿ ದಿನಕ್ಕೆ ಮೂರಕ್ಕಿಂತ ಹೆಚ್ಚು ಮುಖ್ಯ ಕೆಲಸ ಬರೆಯಬಾರದು. ಉದ್ದನೆಯ ಪಟ್ಟಿ ನೋಡಿದರೆ ಮಂಕಾದ ತಲೆ ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ಕೈಚೆಲ್ಲುತ್ತದೆ.

ಚುರುಕಿನ ಹೊತ್ತನ್ನು ಕಾಯ್ದಿರಿಸಿ

ಎರಡು ವಾರದ ಬರಹ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೆಳಗಿನ ಒಂಬತ್ತರಿಂದ ಹನ್ನೊಂದು ಚುರುಕಿನ ಹೊತ್ತೆಂದು ತಿಳಿದರೆ, ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಚೀಲಗಳ ಲೆಕ್ಕ ಬರೆಯುವವರು ಕೂಡಿಸುವ-ಕಳೆಯುವ ಕೆಲಸವನ್ನು ಆಗಲೇ ಮುಗಿಸಿ, ಮಧ್ಯಾಹ್ನಕ್ಕೆ ಚೀಟಿ ಜೋಡಿಸುವಂಥದ್ದನ್ನು ಇಟ್ಟುಕೊಳ್ಳಬಹುದು. ಗದಗಿನ ಮುದ್ರಣಾಲಯದಲ್ಲಿ ಕರಡು ತಿದ್ದುವವರು ಅರ್ಧ ತಾಸು ಓದಿ ಐದು ನಿಮಿಷ ಪುಟದಿಂದ ಕಣ್ಣು ತೆಗೆಯುವುದು, ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಳ್ಳುವುದು, ಸಾಧ್ಯವಾದರೆ ಗಟ್ಟಿಯಾಗಿ ಓದುವುದು ಒಳ್ಳೆಯದು. ಒಂದು ಕೆಲಸದ ನಡುವೆ ಫೋನ್ ಎತ್ತಬೇಕಾದರೆ, ಎತ್ತುವ ಮೊದಲು ಎಲ್ಲಿಗೆ ನಿಲ್ಲಿಸಿದಿರೆಂದು ಪೆನ್ಸಿಲಿನಿಂದ ಗುರುತು ಹಾಕಿ.

ಕೋವಿಡ್, ಡೆಂಗಿ ಅಥವಾ ಚಿಕುನ್‌ಗುನ್ಯದ ನಂತರ ಮಂಕು ಬಂದವರಿಗೆ ಇನ್ನೊಂದು ಎಚ್ಚರಿಕೆ. ತುಸು ಹುಷಾರಾದ ದಿನ ಬಾಕಿ ಕೆಲಸವನ್ನೆಲ್ಲ ಒಮ್ಮೆಗೇ ಮುಗಿಸಲು ಹೋದರೆ, ಮರುದಿನವೋ ಅದರ ಮರುದಿನವೋ ಮಂಕು ಇಮ್ಮಡಿಯಾಗಿ ಮರಳಬಹುದು. ಹಾಗೆ ಆಗುತ್ತಿದ್ದರೆ ದಣಿವು ಕಾಣುವ ಮೊದಲೇ ಕೆಲಸ ನಿಲ್ಲಿಸುವುದನ್ನು ಕಲಿಯಬೇಕು. ಉಣಕಲ್ಲು ಕೆರೆಯ ಸುತ್ತ ನಡೆಯುವುದೂ ಆಗ ಅಳತೆಯಲ್ಲಿರಬೇಕು. ತಲೆ ಮಂಕಾಗಿರುವ ದಿನ ಹುಬ್ಬಳ್ಳಿ-ಧಾರವಾಡದ ನಡುವೆ ಬೈಕ್ ಓಡಿಸದೆ ಚಿಗರಿ ಬಸ್ಸಿನಲ್ಲಿ ಹೋಗುವುದು ಕ್ಷೇಮ.

ಊಟ, ನೀರು, ನಿದ್ದೆ

ಹೊಸ ಪಥ್ಯವೇನೂ ಬೇಕಿಲ್ಲ. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಇರುವ ತಟ್ಟೆ ಒಳ್ಳೆಯ ತಟ್ಟೆಯೇ. ಅದರ ಜೊತೆ ಲಿಂಬೆ ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ಅಷ್ಟಾಗಿ ಹತ್ತುವುದಿಲ್ಲ. ನಡುವೆ ಒಂದು ತಾಸು ಬಿಡಬೇಕು. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ನೀರಡಿಕೆಯಾಗುವವರೆಗೆ ಕಾಯದೆ ನೀರು, ಮಜ್ಜಿಗೆ ಕುಡಿಯಬೇಕು. ಸಂಜೆಯ ಗಿರ್ಮಿಟ್ಟಿನ ಜೊತೆಗಿನ ಚಹಾ ರಾತ್ರಿಯ ನಿದ್ದೆಯನ್ನು ಕದಿಯುತ್ತಿದ್ದರೆ ಅದನ್ನಷ್ಟೇ ಬಿಟ್ಟರೆ ಸಾಕು. ದಿನವೂ ಒಂದೇ ಹೊತ್ತಿಗೆ ಏಳುವುದು ಬೇಗ ಮಲಗುವುದಕ್ಕಿಂತ ಮುಖ್ಯ.

ಚಿಕಿತ್ಸೆ ಆರಂಭವಾದ ಮೇಲೆ

ಥೈರಾಯ್ಡ್ ಮಾತ್ರೆಯ ಪ್ರಮಾಣ ಸರಿಯಿದೆಯೇ ಎಂದು ತಿಳಿಯಲು ಸಾಮಾನ್ಯವಾಗಿ ಆರರಿಂದ ಎಂಟು ವಾರದ ನಂತರ ಮತ್ತೆ ರಕ್ತಪರೀಕ್ಷೆ ಮಾಡಿಸುತ್ತಾರೆ. ಹಿಮೋಗ್ಲೋಬಿನ್ ಕೆಲವೇ ವಾರಗಳಲ್ಲಿ ಏರತೊಡಗಿದರೂ, ಮೈಯಲ್ಲಿನ ಕಬ್ಬಿಣದ ದಾಸ್ತಾನು ತುಂಬಲು ಅದು ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕಾಗುತ್ತದೆ. ತಲೆ ತಿಳಿಯಾಯಿತೆಂದು ನಡುವೆಯೇ ತಾವಾಗಿ ನಿಲ್ಲಿಸದೆ, ಯಾವಾಗ ಬಿಡಬೇಕೆಂಬುದನ್ನು ವೈದ್ಯರಿಂದಲೇ ಬರೆಸಿಕೊಳ್ಳಿ.